ನಾಲ್ಕು ದಪ್ಪ ತಂತಿ

ಶುಕ್ರವಾರ ಬೆಳಗಿನ ಜಾವ ಬಿಟ್ಟೆವು ಹಾಡನ್ನು.
ಬಿಟ್ಟೆವು ಅಂದರೆ
ಡೆನ್ಜಿಲ್ ಲ್ಯಾಪ್‌ಟಾಪಿನಲ್ಲಿ ಒಂದು ಗುಂಡಿ ಒತ್ತಿದ,
ಸುಗಂಧಿ ಆಕಳಿಸಿದಳು,
ಕಿಟಕಿಯಾಚೆ ಹಾಲಿನ ಕ್ರೇಟು ಇಳಿಸುತ್ತಿದ್ದವನು
ಇಳಿಸುತ್ತಲೇ ಇದ್ದ.

ಹಾಡಿನ ಹೆಸರು ‘ಚಿಲ್ಲರೆ’.
ಟಿಕೇಟಿನ ಬೆನ್ನಿಗೆ ಕಂಡಕ್ಟರು ಗೀಚಿಕೊಟ್ಟ ಏಳು ರೂಪಾಯಿ ಬಾಕಿ,
ಇಳಿಯುವ ಅವಸರದಲ್ಲಿ ಕೇಳಲು ಮರೆತವರ ಪಾಡು.
ಬ್ಯಾಂಡಿನ ಹೆಸರು ‘ಖಾಲಿ ಸಿಲಿಂಡರ್’.
ಅದಕ್ಕೆ ವಿವರಣೆ ಬೇಡ.

ಮೊದಲ ಗಂಟೆಯಲ್ಲಿ ಮೂವತ್ತೊಂದು ಸಲ ಕೇಳಿದ್ದರು ಜನ.
ಅದರಲ್ಲಿ ನಾಲ್ಕು ನಾವೇ,
ಒಂಬತ್ತು ಸುಗಂಧಿಯ ತಮ್ಮ,
ಬೇರೆ ಬೇರೆ ಫೋನಿನಿಂದ.

ಪ್ರಕಾಶನಗರದ ಹಿಟ್ಟಿನ ಗಿರಣಿ, ಅದರ ಮಾಳಿಗೆಯ ಮೇಲೆ
ಎರಡು ವರ್ಷದ ಪ್ರಾಕ್ಟೀಸು.
ಕೆಳಗೆ ಕಲ್ಲು ತಿರುಗಿದರೆ ಮೇಲೆ ನಾವು ಬೆಳ್ಳಗೆ.
ಇಮ್ತಿಯಾಜ್‌ನ ಸಿಂಬಲ್ ಮೇಲೆ ಕೂತ ಹಿಟ್ಟು
ಹೊಡೆದಾಗೊಮ್ಮೆ ಎದ್ದು, ಯೋಚಿಸಿ, ಮತ್ತೆ ಕೂರುತ್ತಿತ್ತು.

ರೆಕಾರ್ಡಿಂಗ್ ದಿನ ಗಂಗಹನುಮಯ್ಯನವರಿಗೆ ಕೈಮುಗಿದೆವು:
‘ಇವತ್ತೊಂದಿನ ಮೆಷಿನ್ ನಿಲ್ಲಿಸಿ ಸಾರ್.’
ನಿಲ್ಲಿಸಿದರು ಪಾಪ.
ಆದರೆ ಯಾರದೋ ಮನೆಯ ಬಾಣಂತಿಗೆ
ಮೆಂತ್ಯದ ಹಿಟ್ಟು ಈಗಲೇ ಬೇಕಂತೆ.
ಎರಡು ನಿಮಿಷ ಹತ್ತನೇ ಸೆಕೆಂಡಿಗೆ ಬೆಲ್ಟು ತಿರುಗಿತು,
ಮೊದಲು ಗರ್ರ್ ಎಂದು, ಆಮೇಲೆ ಟಪ್ ಟಪ್ ಟಪ್,
ಉಂಗುಷ್ಟ ಕಿತ್ತ ಚಪ್ಪಲಿಯಲ್ಲಿ ಬಸ್ಸಿನ ಹಿಂದೆ ಓಡಿದ ಹಾಗೆ.
ಮೈಕಿನ ಬಾಡಿಗೆ ಆರಕ್ಕೆ ಮುಗಿಯುತ್ತಿತ್ತು.
ಇರಲಿ ಬಿಡು ಅಂದೆವು.

ಮೂರನೇ ದಿನ ಯಾಕೋ ಹಾಡು ಓಡತೊಡಗಿತು.
ಕಾರಣ ನಾವಲ್ಲ, ಬೆಲ್ಟು.
ಪತ್ರಿಕೆಯ ಹುಡುಗಿಯೊಬ್ಬಳು ಬರೆದಳು,
ಆ ಯಂತ್ರದ ಸದ್ದಿನಲ್ಲಿ ನಗರದ ಒಳಗುದಿ ಇದೆಯೆಂದು.
ಕೋರಮಂಗಲದ ಹುಡುಗರು
ಅದು ಯಾವ ಸಿಂಥ್ ಎಂದು ಡೆನ್ಜಿಲ್‌ನ ಪ್ರಾಣ ತಿಂದರು.
ಲಿಂಗರಾಜಪುರದಲ್ಲಿ ಕ್ವೈರ್ ನಡೆಸುವ ಅವನ ಅಮ್ಮ
‘ಅದೊಂದು ಜಾಗದಲ್ಲಿ ಮಾತ್ರ ಶ್ರುತಿ ಸರಿಯಾಗಿದೆ ಮಗನೇ’ ಅಂದರಂತೆ.
ಗಂಗಹನುಮಯ್ಯನವರು ಪೂರ್ತಿ ಕೇಳಿ
ಕನ್ನಡಕದ ಹಿಟ್ಟು ಒರೆಸಿಕೊಂಡು
‘ಅದು ಮೆಂತ್ಯ ಅಲ್ಲ ಕಣ್ರೋ, ಗೋಧಿ.
ಮೆಂತ್ಯದ ಸದ್ದೇ ಬೇರೆ.’

ಸರಿಯಾಗಿ ಅಲ್ಲೇ, ಆ ಬೆಲ್ಟಿನ ಕೆಳಗೆ
ನನ್ನ ಬೇಸ್ ಇದೆ.
ಹನ್ನೊಂದು ತಿಂಗಳು ಹುಡುಕಿ ಸಿಕ್ಕಿದ ಇಳಿಜಾರು:
ನಾಲ್ಕು ದಪ್ಪ ತಂತಿಯ ಮೇಲೆ
ಮೆಟ್ಟಿಲಿಳಿಯುವ ಮುದುಕರಂತೆ
ಪ್ರತಿ ಮೆಟ್ಟಿಲಿಗೂ ಒಮ್ಮೆ ನಿಂತು, ಗೋಡೆ ಮುಟ್ಟಿ.
ಯಾರಿಗೂ ಕೇಳಿಸುವುದಿಲ್ಲ.
ಎಲ್ಲರೂ ಕೇಳುವುದು ಫೋನಿನಲ್ಲಿ;
ಫೋನಿನ ಬಾಯಿ ಸಾಸಿವೆಯಷ್ಟು,
ಅದರಲ್ಲಿ ನಾನು ತೂರುವುದಿಲ್ಲ.

ಮೆಟ್ರೋದಲ್ಲಿ ಎದುರಿನ ಹುಡುಗಿ ನಮ್ಮ ಹಾಡು ಹಾಕಿದಳು,
ಇಯರ್‌ಫೋನ್ ಇಲ್ಲದೆ, ಜೋರಾಗಿ.
ಸುಗಂಧಿ ಇದ್ದಳು, ಡೆನ್ಜಿಲ್ ಇದ್ದ, ಗೋಧಿಯೂ ಇತ್ತು.
ನಾನು ಕಂಬ ಹಿಡಿದು ನಿಂತಿದ್ದೆ.

‘ನೀನೆಲ್ಲಿದ್ದೀಯ ಇದರಲ್ಲಿ?’ ಮನೆಯಲ್ಲಿ ಕೇಳಿದಳು ಹೆಂಡತಿ.
ನೆಲ ತೋರಿಸಿದೆ.
ಅವಳು ನಿಜಕ್ಕೂ ನೆಲ ನೋಡಿದಳು.

ಭಾನುವಾರ, ಜೆ.ಸಿ. ರಸ್ತೆ.
ಇಮ್ತಿಯಾಜ್ ಕೆಲಸ ಮಾಡುವ ಸೀಟ್‌ಕವರ್ ಅಂಗಡಿಗೆ ಅರ್ಧ ಶಟರ್.
ಕಾರಿನ ಡಿಕ್ಕಿಗೆ ಕೂರಿಸುವ ಹನ್ನೆರಡಿಂಚಿನ ವೂಫರ್‌ಗೆ ವೈರು ಸಿಕ್ಕಿಸುತ್ತ
‘ಕೂತ್ಕೋ’ ಅಂದ.
ಹಳೇ ಸೀಟಿನ ಫೋಮಿನ ರಾಶಿಯ ಮೇಲೆ ಕೂತೆ.

ಎರಡು ನಿಮಿಷ ಒಂಬತ್ತು.
ಹತ್ತು.

ಕಿವಿಗಲ್ಲ, ಮೊದಲು ತೊಡೆಗೆ ಬಂತು.
ಶಟರ್ ಗೊಣಗಿತು.
ಗಾಜಿನ ಕಪಾಟಿನೊಳಗೆ
ಡ್ಯಾಶ್‌ಬೋರ್ಡಿಗೆ ಅಂಟಿಸುವ ಪುಟ್ಟ ಗಣಪತಿಗಳು
ಸಾಲಾಗಿ, ಒಂದೊಂದೇ ಹೆಜ್ಜೆ, ಅಂಚಿಗೆ ಸರಿದವು.
ಹೊರಗಿನ ಕಬ್ಬಿನ ಹಾಲಿನ ಗಾಡಿಯವನು ಬಗ್ಗಿ ಇಣುಕಿ
‘ಏನ್ ಗುರು, ಲಾರಿ ಬಂತಾ?’ ಅಂದ.

ಇಮ್ತಿಯಾಜ್ ಮಾತಾಡಲಿಲ್ಲ.
ಗಣಪತಿಗಳನ್ನು ಬೆರಳಲ್ಲಿ ಹಿಂದಕ್ಕೆ ತಳ್ಳಿ
ಹಾಡನ್ನು ಮತ್ತೆ
ಎರಡು ನಿಮಿಷ ಒಂಬತ್ತಕ್ಕೆ ತಂದಿಟ್ಟ.